ಓದುಗರ ಪ್ರಶ್ನೆ: 'ಮುದಿ ಕುದುರೆ' ರಾಡ್‌ಬರ್ನ್ ಬಗ್ಗೆ ಬಂದ ಪತ್ರಗಳು

ಒಬ್ಬ ಬೌಲರ್ ಒಂದು ಸೀಸನ್‌ನಲ್ಲಿ ಎಷ್ಟು ದುಡಿಯಬಹುದು ಅಂತ ಹೋದ ಸಂಚಿಕೆಯಲ್ಲಿ ಒಬ್ಬರು ಕೇಳಿದ್ದರು. ಉತ್ತರದ ಕೊನೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ: ಅಮೆರಿಕದ ಬೇಸ್‌ಬಾಲ್ ಆಟಗಾರ ಚಾರ್ಲ್ಸ್ ರಾಡ್‌ಬರ್ನ್ 1884ರಲ್ಲಿ ತನ್ನ ತಂಡಕ್ಕೆ 59 ಪಂದ್ಯ ಗೆದ್ದುಕೊಟ್ಟ ಅಂತ. ಆ ಸಾಲು ಹಿಡಿದುಕೊಂಡು ತುಂಬಾ ಪತ್ರಗಳು ಬಂದಿವೆ. ನನಗೆ ಇದು ಬಹಳ ಇಷ್ಟದ ವಿಷಯ, ಹಾಗಾಗಿ ಈ ಸಲ ಪೂರ್ತಿ ಪುಟ ಅವನಿಗೇ.

ಪ್ರಶ್ನೆ: ಬೇಸ್‌ಬಾಲ್‌ನಲ್ಲಿ ಒಂಬತ್ತು ಜನ ಆಡುತ್ತಾರೆ. ಗೆಲುವನ್ನು ಒಬ್ಬನ ಹೆಸರಿಗೆ ಬರೆಯುವುದು ಯಾವ ನ್ಯಾಯ? ಅಲ್ಲದೆ ಇಂಟರ್‌ನೆಟ್‌ನಲ್ಲಿ ನೋಡಿದರೆ ಒಂದು ಕಡೆ 59, ಇನ್ನೊಂದು ಕಡೆ 60 ಅಂತ ಇದೆ. ಯಾವುದು ಸರಿ? (ಓದುಗರು, ದಾವಣಗೆರೆ)

ಮೊದಲು ಪಿಚರ್ ಅಂದರೆ ಯಾರು ಅಂತ ಹೇಳಿಬಿಡುತ್ತೇನೆ. ನಮ್ಮ ಕ್ರಿಕೆಟ್‌ನಲ್ಲಿ ಓವರ್ ಮುಗಿದ ತಕ್ಷಣ ಬೌಲರ್ ಬದಲಾಗಬೇಕು. ಬೇಸ್‌ಬಾಲ್‌ನಲ್ಲಿ ಆ ನಿಯಮ ಇಲ್ಲ. ಪಿಚರ್ ಕೈಯಲ್ಲಿ ಚೆಂಡು ಕೊಟ್ಟರೆ, ಅವನನ್ನು ತೆಗೆಯುವವರೆಗೂ ಪ್ರತಿ ಚೆಂಡನ್ನೂ ಅವನೇ ಎಸೆಯುತ್ತಾನೆ. ಚೆಂಡು ನೆಲಕ್ಕೆ ಬೀಳುವುದಿಲ್ಲ, ನೇರ ಬ್ಯಾಟರ್ ಹತ್ತಿರ ಹೋಗಬೇಕು. ಒಂಬತ್ತು ಇನ್ನಿಂಗ್ಸ್, ಒಂದೊಂದರಲ್ಲೂ ಎದುರಾಳಿಯ ಮೂವರು ಔಟ್ ಆಗಬೇಕು. ಇಡೀ ಪಂದ್ಯದ ಭಾರ ಅವನ ತೋಳಿನ ಮೇಲೆ ಇರುವುದರಿಂದ ಗೆಲುವು ಸೋಲು ಎರಡನ್ನೂ ಅವನ ಲೆಕ್ಕಕ್ಕೆ ಬರೆಯುವ ಪದ್ಧತಿ ಬಂತು. ಪೂರ್ತಿ ನ್ಯಾಯ ಅಂತ ನಾನೂ ಹೇಳುವುದಿಲ್ಲ, ಆದರೆ ರಾಡ್‌ಬರ್ನ್ ವಿಷಯದಲ್ಲಿ ಅದು ಹೆಚ್ಚುಕಡಿಮೆ ನಿಜವೇ. ಆ ವರ್ಷ ಅವನು ಆರಂಭದಿಂದ ಚೆಂಡು ಹಿಡಿದ ಪಂದ್ಯಗಳು 73. ಆ 73ನ್ನೂ ಕೊನೆಯ ಚೆಂಡಿನವರೆಗೆ ಅವನೇ ಮುಗಿಸಿದ.

59, 60 ಗೊಂದಲಕ್ಕೆ ಕಾರಣ ಜುಲೈ 28ರ ಒಂದು ಪಂದ್ಯ. ಆವತ್ತು ಸೈಕ್ಲೋನ್ ಮಿಲ್ಲರ್ ಅನ್ನುವ ಇನ್ನೊಬ್ಬ ಪಿಚರ್ ಐದು ಇನ್ನಿಂಗ್ಸ್ ಎಸೆದ, ಉಳಿದದ್ದನ್ನು ರಾಡ್‌ಬರ್ನ್ ಎಸೆದ. ಆಗಿನ ಸ್ಕೋರರ್ ರಾಡ್‌ಬರ್ನ್ ಚೆನ್ನಾಗಿ ಎಸೆದ ಅಂತ ಗೆಲುವನ್ನು ಅವನಿಗೆ ಬರೆದ. ಆಮೇಲೆ ಬಂದ ನಿಯಮದ ಪ್ರಕಾರ ಅದು ಮಿಲ್ಲರ್‌ಗೆ ಸೇರಬೇಕು. ಹಾಗಾಗಿ ಎರಡು ಲೆಕ್ಕ. ನಾನು 59 ಬರೆಯುತ್ತೇನೆ, ಮಿಲ್ಲರ್‌ನ ಪಾಲು ಮಿಲ್ಲರ್‌ಗೇ ಇರಲಿ ಅಂತ. ಯಾವ ಸಂಖ್ಯೆ ಹಿಡಿದರೂ ಹತ್ತಿರಕ್ಕೆ ಯಾರೂ ಬಂದಿಲ್ಲ. 1900ರ ನಂತರ ಒಂದೇ ವರ್ಷದಲ್ಲಿ ಅತಿ ಹೆಚ್ಚು ಗೆದ್ದವನು ಜ್ಯಾಕ್ ಚೆಸ್‌ಬ್ರೊ, 1904ರಲ್ಲಿ, 41. ಮೂವತ್ತು ದಾಟಿದ ಕೊನೆಯವನು ಡೆನ್ನಿ ಮೆಕ್ಲೇನ್, 1968ರಲ್ಲಿ 31.

ಪ್ರಶ್ನೆ: ಒಬ್ಬನೇ ಯಾಕೆ ಅಷ್ಟೊಂದು ಪಂದ್ಯ ಎಸೆಯಬೇಕಾಯಿತು? ತಂಡದಲ್ಲಿ ಬೇರೆ ಯಾರೂ ಇರಲಿಲ್ಲವೇ? (ಓದುಗರು, ಧಾರವಾಡ)

ಇದ್ದ. ಅಲ್ಲೇ ಕಥೆ ಇರುವುದು.

ತಂಡದ ಹೆಸರು ಪ್ರಾವಿಡೆನ್ಸ್ ಗ್ರೇಸ್. ಅಮೆರಿಕದ ಅತಿ ಚಿಕ್ಕ ರಾಜ್ಯ ರೋಡ್ ಐಲೆಂಡ್‌ನ ಊರು ಅದು. ರಾಡ್‌ಬರ್ನ್ 1881ರಿಂದ ಅಲ್ಲಿ ಆಡುತ್ತಿದ್ದ. ಮೊದಲ ವರ್ಷ 25 ಗೆಲುವು, ಮರುವರ್ಷ 33, 1883ರಲ್ಲಿ 48. ಅಂದರೆ 1884ಕ್ಕೂ ಮೊದಲೇ ಅವನು ದೊಡ್ಡ ಹೆಸರು. ಆದರೆ ಆ ವರ್ಷ ತಂಡದಲ್ಲಿ ಅವನ ಜೊತೆ ಚಾರ್ಲಿ ಸ್ವೀನಿ ಅನ್ನುವ ಇಪ್ಪತ್ತೊಂದರ ಹುಡುಗನೂ ಪಿಚರ್ ಆಗಿದ್ದ. ಬೆಂಕಿಯಂಥ ವೇಗ. ಜೂನ್ 7ರಂದು ಬಾಸ್ಟನ್ ವಿರುದ್ಧ ಒಂದೇ ಪಂದ್ಯದಲ್ಲಿ 19 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಬ್ಯಾಟಿಗೆ ಚೆಂಡೇ ಸಿಗದ ಹಾಗೆ. ಒಂಬತ್ತು ಇನ್ನಿಂಗ್ಸ್‌ನ ಪಂದ್ಯದಲ್ಲಿ ಆ ಸಂಖ್ಯೆಯನ್ನು ಮೀರಲು ದೊಡ್ಡ ಲೀಗ್‌ಗಳಲ್ಲಿ 1986ರವರೆಗೆ ಯಾರಿಂದಲೂ ಆಗಲಿಲ್ಲ. ಊರೆಲ್ಲ ಸ್ವೀನಿ ಸ್ವೀನಿ ಅನ್ನತೊಡಗಿತು. ರಾಡ್‌ಬರ್ನ್‌ಗೆ ಅದು ಹಿಡಿಸಲಿಲ್ಲ. ಅವನು ಸುಲಭದ ಮನುಷ್ಯ ಅಲ್ಲ, ಮಾತು ಕಡಿಮೆ, ಸಿಟ್ಟು ಜಾಸ್ತಿ, ಕುಡಿತವೂ ಇತ್ತು. ನಾನು ಅವನನ್ನು ಮೆಚ್ಚುತ್ತೇನೆ ಅಂತ ಇದನ್ನೆಲ್ಲ ಮುಚ್ಚಿಡುವುದಿಲ್ಲ.

ಜುಲೈ 16ರ ಪಂದ್ಯದಲ್ಲಿ ಅವನು ಮನಸ್ಸಿಲ್ಲದೆ ಎಸೆದ, ಬೇಕಂತಲೇ ಸೋತ ಅನ್ನುವ ಆರೋಪ ಬಂತು. ಕ್ಲಬ್‌ನವರು ಸಂಬಳ ಇಲ್ಲದೆ ಸಸ್ಪೆಂಡ್ ಮಾಡಿದರು. ಆರು ದಿನ ಕಳೆಯುವುದರೊಳಗೆ ಇನ್ನೊಂದು ಗುಂಡು ಸಿಡಿಯಿತು. ಜುಲೈ 22, ಫಿಲಡೆಲ್ಫಿಯಾ ವಿರುದ್ಧದ ಪಂದ್ಯ. ಸ್ವೀನಿ ಕುಡಿದು ಬಂದಿದ್ದ, ಆದರೂ ತಂಡ ಮುಂದಿತ್ತು. ಮ್ಯಾನೇಜರ್ ಫ್ರ್ಯಾಂಕ್ ಬ್ಯಾಂಕ್ರಾಫ್ಟ್ ಬೇರೆಯವನ ಕೈಗೆ ಚೆಂಡು ಕೊಡು ಅಂದರು. ಇಲ್ಲಿ ಒಂದು ನಿಯಮ ಗೊತ್ತಿರಬೇಕು. ಆಗ ಗಾಯವಾಗದ ಹೊರತು ಹೊರಗಿನಿಂದ ಬದಲಿ ಆಟಗಾರನನ್ನು ಇಳಿಸುವ ಹಾಗಿರಲಿಲ್ಲ. ಪಿಚರ್ ಬದಲಾಯಿಸಬೇಕು ಅಂದರೆ ಔಟ್‌ಫೀಲ್ಡ್‌ನಲ್ಲಿ ನಿಂತವನು ಒಳಗೆ ಬಂದು ಎಸೆಯಬೇಕು, ಎಸೆಯುತ್ತಿದ್ದವನು ಅವನ ಜಾಗಕ್ಕೆ ಹೋಗಬೇಕು. ಸ್ವೀನಿ ಹೋಗಲಿಲ್ಲ. ಬೈದಾಡಿ ಮೈದಾನ ಬಿಟ್ಟು ನಡೆದೇಬಿಟ್ಟ. ಪ್ರಾವಿಡೆನ್ಸ್ ಎಂಟೇ ಜನರೊಂದಿಗೆ ಆಡಿ, ಗೆಲ್ಲಬೇಕಾದ ಪಂದ್ಯವನ್ನು 10-6ರಲ್ಲಿ ಸೋತಿತು. ಕ್ಲಬ್ ಅವನನ್ನು ಹೊರಹಾಕಿತು. ಅವನು ಹೊಸ ಲೀಗ್ ಒಂದರ ಸೇಂಟ್ ಲೂಯಿಸ್ ತಂಡಕ್ಕೆ ಸೇರಿಕೊಂಡ.

ಈಗ ನೋಡಿ ಪರಿಸ್ಥಿತಿ. ಇಬ್ಬರು ಪಿಚರ್‌ಗಳಲ್ಲಿ ಒಬ್ಬ ಓಡಿಹೋದ, ಇನ್ನೊಬ್ಬ ಸಸ್ಪೆಂಡ್. ಕ್ಲಬ್ ಮುಚ್ಚಿಬಿಡೋಣ ಅನ್ನುವ ಮಾತೂ ಮಾಲೀಕರ ನಡುವೆ ಬಂತು. ಆಗ ಬ್ಯಾಂಕ್ರಾಫ್ಟ್ ರಾಡ್‌ಬರ್ನ್ ಹತ್ತಿರ ಮಾತಾಡಿದರು. ಅವನು ಒಪ್ಪಿದ, ಉಳಿದ ಪಂದ್ಯಗಳನ್ನೆಲ್ಲ ನಾನೇ ಎಸೆಯುತ್ತೇನೆ ಅಂತ. ಅದಕ್ಕೆ ಅವನ ಷರತ್ತೂ ಇತ್ತು, ಅದನ್ನು ಮೈಸೂರಿನ ಓದುಗರ ಪ್ರಶ್ನೆಯಲ್ಲಿ ಹೇಳುತ್ತೇನೆ.

ಅಲ್ಲಿಂದ ಲೀಗ್ ಪಟ್ಟ ಖಾತ್ರಿಯಾಗುವವರೆಗೆ ಪ್ರಾವಿಡೆನ್ಸ್ 43 ಪಂದ್ಯ ಆಡಿತು. ಅದರಲ್ಲಿ 40ನ್ನು ಅವನು ಶುರುಮಾಡಿದ, 36 ಗೆದ್ದ. ಒಂದು ಹಂತದಲ್ಲಿ ಅವನ ಹೆಸರಿಗೆ ಸತತ 18 ಗೆಲುವು. ತಂಡ ಒಟ್ಟು 84 ಗೆದ್ದು 28 ಸೋತು ಬಾಸ್ಟನ್‌ಗಿಂತ ಬಹಳ ಮುಂದೆ ನಿಂತಿತು. ಅಷ್ಟಕ್ಕೇ ಮುಗಿಯಲಿಲ್ಲ. ಅಕ್ಟೋಬರ್‌ನಲ್ಲಿ ಎದುರು ಲೀಗ್‌ನ ಚಾಂಪಿಯನ್ ನ್ಯೂಯಾರ್ಕ್ ಮೆಟ್ರೋಪಾಲಿಟನ್ಸ್ ಜೊತೆ ಮೂರು ದಿನ ಮೂರು ಪಂದ್ಯ. ಮೂರನ್ನೂ ಅವನೇ ಎಸೆದ, ಮೂರನ್ನೂ ಗೆದ್ದ.

ಒಟ್ಟು 678 ಚಿಲ್ಲರೆ ಇನ್ನಿಂಗ್ಸ್, 441 ಸ್ಟ್ರೈಕ್‌ಔಟ್. ಈಗಿನ ಒಳ್ಳೆಯ ಪಿಚರ್ ಒಂದು ವರ್ಷಕ್ಕೆ 200 ಇನ್ನಿಂಗ್ಸ್ ಎಸೆದರೆ ಅದೇ ದೊಡ್ಡದು. ಅವನನ್ನು 'ಓಲ್ಡ್ ಹಾಸ್' ಅನ್ನುತ್ತಿದ್ದರು, ಮುದಿ ಕುದುರೆ ಅಂತ ಅರ್ಥ. ನಮ್ಮ ಕಡೆಯವರಾಗಿದ್ದರೆ ಗಾಣದೆತ್ತು ಅನ್ನುತ್ತಿದ್ದರೇನೋ.

ಪ್ರಶ್ನೆ: ನನಗೆ 19 ವರ್ಷ, ಕ್ಲಬ್‌ನಲ್ಲಿ ಫಾಸ್ಟ್ ಬೌಲರ್. ವಾರಕ್ಕೆ ಮೂರು ದಿನಕ್ಕಿಂತ ಜಾಸ್ತಿ ಎಸೆಯಬೇಡ ಅಂತ ಕೋಚ್ ತಡೆಯುತ್ತಾರೆ. ಆಗಿನವರು ದಿನಾ ಎಸೆಯುತ್ತಿದ್ದರು ಅಂದಮೇಲೆ ನಾವು ಯಾಕೆ ಹೆದರಬೇಕು? (ಓದುಗ, ಹಾಸನ)

ತಮ್ಮಾ, ನಿನ್ನ ಪತ್ರ ಓದಿ ನನಗೆ ಸ್ವಲ್ಪ ಭಯವೇ ಆಯಿತು. ಹೋದ ಸಲ ಒಂದೇ ಸಾಲು ಬರೆದು ಬಿಟ್ಟದ್ದು ನನ್ನ ತಪ್ಪು. ಪೂರ್ತಿ ಕೇಳು.

ಮೊದಲನೆಯದು, ಅವರ ಎಸೆತವೇ ಬೇರೆ. ತೋಳನ್ನು ಭುಜದ ಮೇಲಿಂದ ಬೀಸಿ ಎಸೆಯಲು ಅವರ ಲೀಗ್ ಒಪ್ಪಿದ್ದೇ 1884ರಲ್ಲಿ. ರಾಡ್‌ಬರ್ನ್ ಆಮೇಲೂ ಹೆಚ್ಚಾಗಿ ಸೊಂಟದ ಮಟ್ಟದಲ್ಲಿ, ಕೆಳಗಿನಿಂದ ಪಕ್ಕದಿಂದಲೇ ಎಸೆಯುತ್ತಿದ್ದ. ದೂರ 50 ಅಡಿ, ಈಗಿನ ಹಾಗೆ ಅರವತ್ತೂವರೆ ಅಲ್ಲ. ಆರು ಕೆಟ್ಟ ಚೆಂಡು ಹಾಕಿದ ಮೇಲೆ ಮಾತ್ರ ಬ್ಯಾಟರ್‌ಗೆ ಸುಮ್ನೆ ಮೊದಲ ಬೇಸ್ (ರನ್ ಗಳಿಸಲು ಸುತ್ತಿ ಬರಬೇಕಾದ ನಾಲ್ಕು ನಿಲ್ದಾಣಗಳಲ್ಲಿ ಮೊದಲನೆಯದು) ಸಿಗುತ್ತಿತ್ತು, ಈಗ ನಾಲ್ಕಕ್ಕೇ ಸಿಗುತ್ತದೆ. ಪ್ರತಿ ಚೆಂಡಿಗೂ ಇದ್ದ ಬಲವೆಲ್ಲ ಹಾಕಬೇಕಾದ ಕೆಲಸ ಅದಾಗಿರಲಿಲ್ಲ. ಅವನ ಶಕ್ತಿ ಇದ್ದದ್ದು ವೇಗ ಬದಲಾಯಿಸುವುದರಲ್ಲಿ, ತಿರುವಿನಲ್ಲಿ, ಬ್ಯಾಟರ್ ಮನಸ್ಸು ಓದುವುದರಲ್ಲಿ. ನೀನು ಎಸೆಯುವುದು ಓಡಿಬಂದು, ಬೆನ್ನು ತಿರುಚಿ, ಕಾಲಿನ ಮೇಲೆ ಇಡೀ ಮೈ ಭಾರ ಹೇರಿ. ಎರಡಕ್ಕೂ ಹೋಲಿಕೆಯೇ ಇಲ್ಲ.

ಎರಡನೆಯದು, ಅಷ್ಟೆಲ್ಲ ಇದ್ದರೂ ಅವನ ತೋಳು ತಡೆದುಕೊಳ್ಳಲಿಲ್ಲ. ಆ ಬೇಸಿಗೆಯಲ್ಲಿ ಬೆಳಿಗ್ಗೆ ಎದ್ದರೆ ತಲೆ ಬಾಚಿಕೊಳ್ಳಲು ಕೈ ಎತ್ತುವುದಕ್ಕೆ ಆಗುತ್ತಿರಲಿಲ್ಲವಂತೆ. ಉಳಿದವರಿಗಿಂತ ಎಷ್ಟೋ ಮೊದಲೇ ಮೈದಾನಕ್ಕೆ ಬಂದು, ಕೆಲವೇ ಅಡಿ ದೂರಕ್ಕೆ, ಮಗು ಎಸೆದ ಹಾಗೆ ಮೆಲ್ಲಗೆ ಚೆಂಡು ಎಸೆಯುತ್ತಿದ್ದ. ಹಲ್ಲು ಕಚ್ಚಿಕೊಂಡು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದ. ತೋಳು ಬಿಸಿಯಾಗಿ ದೂರದ ಔಟ್‌ಫೀಲ್ಡ್‌ನಿಂದ ಎಸೆಯಲು ಆಗುವವರೆಗೂ ಇದೇ ಕೆಲಸ. ಆಮೇಲೆ ಪಂದ್ಯ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೀಗೆ ದುಡಿಸಬಾರದಿತ್ತು ಅವನನ್ನು.

ಅದರ ಬೆಲೆಯನ್ನೂ ಅವನು ಕೊಟ್ಟ. 1885ರಲ್ಲಿ ಗೆಲುವು 28ಕ್ಕೆ ಇಳಿಯಿತು. 1886ರಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ, 27ಕ್ಕೆ 31. 1888ರಲ್ಲಿ 7 ಗೆಲುವು, 16 ಸೋಲು. ಆಮೇಲೆ ಎರಡು ವರ್ಷ ಚೇತರಿಸಿಕೊಂಡ, ಆದರೆ 1891ರಲ್ಲಿ ಸಿನ್ಸಿನಾಟಿ ತಂಡದಲ್ಲಿ ಅವನ ಆಟ ಮುಗಿದೇಹೋಯಿತು. ಆಗ ಅವನಿಗೆ 36. ಇನ್ನೂ ಹಿಂದೆ, 1880ರಲ್ಲಿ, ಬಫಲೋ ತಂಡಕ್ಕೆ ಮೊದಲ ಸಲ ಬಂದಾಗಲೇ ಭುಜ ನೋಯಿಸಿಕೊಂಡು, ಒಂದು ಪಂದ್ಯದಲ್ಲೂ ಪಿಚ್ ಮಾಡಲಾಗದೆ, ಆರು ಪಂದ್ಯ ಫೀಲ್ಡಿಂಗ್ ಮಾಡಿ ಮನೆಗೆ ವಾಪಸ್ ಹೋಗಿದ್ದ. ಬಲಶಾಲಿ ಮೈ ಅವನದು, ಆದರೂ ಹೀಗಾಯಿತು.

ನಿನ್ನ ಕೋಚ್ ಹೇಳುವುದು ಸರಿ. ಅವರ ಮಾತು ಕೇಳು. ರಾಡ್‌ಬರ್ನ್‌ನಿಂದ ಕಲಿಯುವುದು ಬೇಕಿದ್ದರೆ ಆ ಬಿಸಿಮಾಡಿಕೊಳ್ಳುವ ತಾಳ್ಮೆ ಕಲಿ, ಹತ್ತಿರದಿಂದ ಶುರುಮಾಡಿ ದೂರಕ್ಕೆ ಹೋಗುವುದು. ನೋವಿದ್ದರೆ ಎಸೆಯಬೇಡ, ಫಿಸಿಯೋಗೆ ತೋರಿಸು.

ಪ್ರಶ್ನೆ: ಸಸ್ಪೆಂಡ್ ಮಾಡಿದ ಕ್ಲಬ್ಬಿಗೇ ಅವನು ಯಾಕೆ ಅಷ್ಟು ದುಡಿದ? ಹಣಕ್ಕಾಗಿಯೇ? ಆಗಲೂ ಐಪಿಎಲ್ ಥರ ರಿಟೆನ್ಷನ್ ಎಲ್ಲ ಇತ್ತೇ? (ಓದುಗರು, ಮೈಸೂರು)

ಒಳ್ಳೆಯ ಪ್ರಶ್ನೆ. ನನ್ನ ಪ್ರಕಾರ ಇಡೀ ಕಥೆಯ ಬೇರು ಇಲ್ಲಿದೆ.

ಹಣವೂ ಇತ್ತು, ಸಂಬಳ ಹೆಚ್ಚಿಸುತ್ತೇವೆ ಅಂದಿದ್ದರು. ಆದರೆ ಅದಕ್ಕಿಂತ ದೊಡ್ಡ ಷರತ್ತು ಇನ್ನೊಂದು: ಸೀಸನ್ ಮುಗಿದ ಮೇಲೆ ನನ್ನನ್ನು ಬಿಡುಗಡೆ ಮಾಡಬೇಕು, ನನಗೆ ಬೇಕಾದ ಕ್ಲಬ್‌ಗೆ ನಾನು ಹೋಗುತ್ತೇನೆ ಅಂತ.

ಇದೇನು ದೊಡ್ಡ ವಿಷಯ ಅನ್ನಿಸಬಹುದು. ಆ ಕಾಲದಲ್ಲಿ ದೊಡ್ಡದೇ. 1879ರಲ್ಲಿ, ಪ್ರಾವಿಡೆನ್ಸ್ ಆಡುತ್ತಿದ್ದ ನ್ಯಾಷನಲ್ ಲೀಗ್‌ನ ಮಾಲೀಕರು ತಮ್ಮತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡರು. ಪ್ರತಿ ಕ್ಲಬ್ ಐದು ಜನ ಆಟಗಾರರನ್ನು ತನ್ನವರು ಅಂತ ಕಾಯ್ದಿಟ್ಟುಕೊಳ್ಳಬಹುದು, ಬೇರೆ ಕ್ಲಬ್ ಅವರನ್ನು ಮುಟ್ಟುವ ಹಾಗಿಲ್ಲ. 1883ಕ್ಕೆ ಆ ಐದು ಹನ್ನೊಂದಾಯಿತು. ತಂಡದಲ್ಲಿ ಆಡುವವರೇ ಅಷ್ಟು ಜನ, ಅಂದರೆ ಹೆಚ್ಚುಕಡಿಮೆ ಎಲ್ಲರೂ. ಇದಕ್ಕೆ ರಿಸರ್ವ್ ನಿಯಮ ಅಂತ ಹೆಸರು. ನೀವು ಹೇಳಿದ ರಿಟೆನ್ಷನ್ ನೋಡಲು ಹಾಗೇ ಕಾಣುತ್ತದೆ, ಆದರೆ ಒಂದು ವ್ಯತ್ಯಾಸ ಇದೆ. ಐಪಿಎಲ್‌ನಲ್ಲಿ ಹೊರಬಂದ ಆಟಗಾರ ಹರಾಜಿಗೆ ಹೆಸರು ಕೊಡಬಹುದು, ನಾಲ್ಕು ತಂಡ ಅವನಿಗಾಗಿ ಪೈಪೋಟಿ ಮಾಡುತ್ತವೆ. ಅಲ್ಲಿ ಆ ಬಾಗಿಲೇ ಇರಲಿಲ್ಲ. ಒಪ್ಪಂದದ ವರ್ಷ ಮುಗಿದರೂ ಆಟಗಾರ ಆ ಕ್ಲಬ್ಬಿನ ಸೊತ್ತು. ಕೊಟ್ಟಷ್ಟು ತೆಗೆದುಕೊಂಡು ಆಡು, ಇಲ್ಲವಾದರೆ ಮನೆಯಲ್ಲಿರು.

ಎಲ್ಲರೂ ಆ 59ನ್ನು ನೋಡಿ ಬೆರಗಾಗುತ್ತಾರೆ. ನನಗೆ ಕಾಣುವುದು ಆ ಸಂಖ್ಯೆ ಯಾವುದಕ್ಕೆ ಬದಲಾಗಿ ಬಂತು ಅನ್ನುವುದು. ಕೈ ಎತ್ತಲು ಆಗದ ಮನುಷ್ಯ ಮತ್ತೆ ಮತ್ತೆ ಮೈದಾನಕ್ಕೆ ಬಂದದ್ದು ದಾಖಲೆಗೆ ಅಲ್ಲ. ತನ್ನ ತೋಳಿನ ಮೇಲೆ ತನ್ನ ಹಕ್ಕು ತನಗೆ ವಾಪಸ್ ಬೇಕಿತ್ತು. ತನ್ನ ದುಡಿಮೆಯನ್ನು ಎಲ್ಲಿ ಮಾರಬೇಕು ಅಂತ ತಾನೇ ತೀರ್ಮಾನಿಸಬೇಕಿತ್ತು.

ಸೀಸನ್ ಮುಗಿಯಿತು. ಅವನಿಗೆ ಬಿಡುಗಡೆಯೂ ಸಿಕ್ಕಿತು. ಆಮೇಲೆ ಅವನು ಏನು ಮಾಡಿದ ಗೊತ್ತೇ? ಮತ್ತೆ ಪ್ರಾವಿಡೆನ್ಸ್‌ಗೇ ಸಹಿ ಹಾಕಿದ! ಇದನ್ನು ಮೊದಲ ಸಲ ಓದಿದಾಗ ನನಗೆ ತಲೆಬುಡ ಅರ್ಥವಾಗಲಿಲ್ಲ. ಈಗ ಅನ್ನಿಸುತ್ತದೆ, ಅವನಿಗೆ ಆ ಊರಿನ ಮೇಲೆ ಸಿಟ್ಟೇನೂ ಇರಲಿಲ್ಲ, ಇರುವುದೂ ಹೋಗುವುದೂ ತನ್ನ ಇಷ್ಟವಾಗಿರಬೇಕು ಅಷ್ಟೇ. ಆದರೆ ಆ ಕ್ಲಬ್ 1885ರ ಕೊನೆಗೆ ಮುಚ್ಚಿಹೋಯಿತು, ಅವನು ಬಾಸ್ಟನ್ ಪಾಲಾದ.

ಇನ್ನೊಂದು ವಿಷಯ ಸೇರಿಸಲೇಬೇಕು. ಪ್ರಾವಿಡೆನ್ಸ್‌ನ ಮೊದಲೆರಡು ವರ್ಷ ಅವನ ಜೊತೆ ಪಿಚ್ ಮಾಡುತ್ತಿದ್ದವನು ಜಾನ್ ಮಾಂಟ್ಗೊಮರಿ ವಾರ್ಡ್. 1882ರ ಆಗಸ್ಟ್ 17ರಂದು ಡೆಟ್ರಾಯಿಟ್ ವಿರುದ್ಧ ಒಂದು ಪಂದ್ಯ 18 ಇನ್ನಿಂಗ್ಸ್‌ವರೆಗೆ ಎಳೆಯಿತು, ಎರಡೂ ಕಡೆ ಸೊನ್ನೆ. ವಾರ್ಡ್ ಪೂರ್ತಿ ಎಸೆದ. ಆವತ್ತು ಔಟ್‌ಫೀಲ್ಡ್‌ನಲ್ಲಿ ನಿಂತಿದ್ದ ರಾಡ್‌ಬರ್ನ್ ಕೊನೆಯಲ್ಲಿ ಹೋಮ್‌ರನ್ (ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಬರುವುದು) ಹೊಡೆದು 1-0ರಲ್ಲಿ ಗೆಲ್ಲಿಸಿದ. ಇದೇ ವಾರ್ಡ್ ಮುಂದೆ ವಕೀಲನಾದ, 1885ರಲ್ಲಿ ಆಟಗಾರರ ಸಂಘ ಕಟ್ಟಿದ, 1890ರಲ್ಲಿ ಮಾಲೀಕರ ಹಂಗು ಬೇಡ ಅಂತ ಪ್ಲೇಯರ್ಸ್ ಲೀಗ್ ಶುರುಮಾಡಿದ. ರಾಡ್‌ಬರ್ನ್ ಅಲ್ಲಿಗೆ ಹೋದ. 35ರ ವಯಸ್ಸಿನಲ್ಲಿ, ಸವೆದ ತೋಳಿನಲ್ಲಿ, ಬಾಸ್ಟನ್ ತಂಡಕ್ಕೆ 27 ಪಂದ್ಯ ಗೆದ್ದುಕೊಟ್ಟ, ಆ ತಂಡವೇ ಚಾಂಪಿಯನ್. ಆದರೆ ಆ ಲೀಗ್ ಒಂದೇ ವರ್ಷಕ್ಕೆ ಕುಸಿಯಿತು. ರಿಸರ್ವ್ ನಿಯಮ ಮುರಿದುಬಿದ್ದದ್ದು 1975ರಲ್ಲಿ. ಅಂದರೆ ರಾಡ್‌ಬರ್ನ್ ಒಬ್ಬನೇ ಚೌಕಾಸಿ ಮಾಡಿ ಒಂದು ಸಲ ಪಡೆದದ್ದು ಎಲ್ಲರಿಗೂ ಸಿಗಲು ಇನ್ನೂ ತೊಂಬತ್ತೊಂದು ವರ್ಷ ಬೇಕಾಯಿತು.

ಪ್ರಶ್ನೆ: ಅವನು ಕ್ಯಾಮೆರಾಗೆ ಮಧ್ಯದ ಬೆರಳು ತೋರಿಸಿದ ಫೋಟೊ ನಿಜವೇ? (ಓದುಗರು, ಕುಂದಾಪುರ)

ನಿಜ. 1886ರ ಸೀಸನ್ ಶುರುವಾದಾಗ ಬಾಸ್ಟನ್, ನ್ಯೂಯಾರ್ಕ್ ತಂಡಗಳನ್ನು ಒಟ್ಟಿಗೆ ನಿಲ್ಲಿಸಿ ತೆಗೆದ ಚಿತ್ರ. ಹಿಂದಿನ ಸಾಲಿನಲ್ಲಿ ಇದ್ದಾನೆ. ಆ ಸನ್ನೆ ಇರುವ ಫೋಟೊಗಳಲ್ಲಿ ಈವರೆಗೆ ಗೊತ್ತಿರುವ ಅತಿ ಹಳೆಯದು ಅಂತ ಅದನ್ನು ಹೇಳುತ್ತಾರೆ.

ಪ್ರಶ್ನೆ: ಮಗನ ಮನೆಗೆ ಅಂತ ಅಮೆರಿಕದ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ಗೆ ಬಂದಿದ್ದೇನೆ. ನೀವು ಬರೆದ ರಾಡ್‌ಬರ್ನ್ ಇದೇ ಊರಿನವನು ಅಂತ ಮೊಮ್ಮಗ ಹೇಳಿದ. ಹೌದೇ? ಅವನ ಕೊನೆಗಾಲ ಹೇಗಿತ್ತು? (ಓದುಗರು, ಬ್ಲೂಮಿಂಗ್ಟನ್)

ಹೌದು ಅಮ್ಮ, ಮೊಮ್ಮಗ ಸರಿಯಾಗಿ ಹೇಳಿದ್ದಾನೆ. ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ, 1854ರ ಡಿಸೆಂಬರ್ 11ರಂದು. ಮರುವರ್ಷವೇ ಮನೆಯವರು ಬ್ಲೂಮಿಂಗ್ಟನ್‌ಗೆ ಬಂದರು. ಅಪ್ಪ ಇಂಗ್ಲೆಂಡಿನಿಂದ ಬಂದವರು, ಮಾಂಸದ ಅಂಗಡಿ ಕೆಲಸ. ಮಗನೂ ಆ ಕೆಲಸ ಮಾಡಿದ, ಆಮೇಲೆ ರೈಲಿನಲ್ಲಿ ಬ್ರೇಕ್ ಹಾಕುವ ಕೆಲಸಕ್ಕೆ ಸೇರಿದ. ಆಟದಿಂದ ಸಂಬಳ ಸಿಗಲು ಶುರುವಾದದ್ದು ಇಪ್ಪತ್ತಮೂರರ ವಯಸ್ಸಿನಲ್ಲಿ, ನೀವಿರುವ ಊರಿಗೆ ಹತ್ತಿರದ ಪಿಯೋರಿಯಾದಲ್ಲಿ.

ಆಟ ಬಿಟ್ಟ ಮೇಲೆ ಊರಿಗೆ ವಾಪಸ್ ಬಂದು ಬಿಲಿಯರ್ಡ್ಸ್ ಮೇಜು ಹಾಕಿ ಒಂದು ಬಾರ್ ನಡೆಸಿದ. ಬೇಟೆ ಅಂದರೆ ಅವನಿಗೆ ಪ್ರಾಣ. 1894ರಲ್ಲಿ ಬೇಟೆಗೆ ಹೋದಾಗ ಗುಂಡು ತಗುಲಿ ಒಂದು ಕಣ್ಣು ಹೋಯಿತು, ಮುಖ ಕೆಟ್ಟಿತು. ಆಮೇಲೆ ಜನರ ಮುಂದೆ ಬರಲು ಹಿಂಜರಿದು ತನ್ನ ಬಾರಿನ ಹಿಂದಿನ ಕೋಣೆಯಲ್ಲೇ ದಿನ ಕಳೆಯುತ್ತಿದ್ದ. ಸಾವಿರಾರು ಜನರ ಎದುರು ನಿಂತು ಚೆಂಡು ಎಸೆದವನು. ಇದನ್ನು ಬರೆಯಲೂ ನನಗೆ ಕಷ್ಟವಾಗುತ್ತಿದೆ. ಕಾಯಿಲೆ ಬಿದ್ದು 1897ರ ಫೆಬ್ರುವರಿ 5ರಂದು ತೀರಿಕೊಂಡ, ವಯಸ್ಸು 42. ಆ ಸ್ವೀನಿಯೂ ಹೆಚ್ಚು ಬದುಕಲಿಲ್ಲ, 1902ರಲ್ಲಿ ನಲವತ್ತು ತುಂಬುವ ಮೊದಲೇ ಹೋದ. ರಾಡ್‌ಬರ್ನ್‌ನನ್ನು ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 1939ರಲ್ಲಿ.

ಅವನ ಸಮಾಧಿ ನಿಮ್ಮೂರಿನ ಎವರ್‌ಗ್ರೀನ್ ಸ್ಮಶಾನದಲ್ಲೇ ಇದೆ. ಮೊಮ್ಮಗನನ್ನು ಕರೆದುಕೊಂಡು ಹೋಗಿ. ಕಲ್ಲಿನ ಮುಂಭಾಗ ಮಾತ್ರ ನೋಡಿ ವಾಪಸ್ ಬರಬೇಡಿ, ಹಿಂದಕ್ಕೂ ಸುತ್ತಿ ಹೋಗಿ. ಅವನ ಆಟದ ಬಗ್ಗೆ 1941ರಲ್ಲಿ ಹಾಕಿದ ಫಲಕ ಹಿಂಭಾಗದಲ್ಲಿದೆ. ಒಂದು ಫೋಟೊ ತೆಗೆದು ಕಳಿಸಿದರೆ ಮುಂದಿನ ಸಲ ಈ ಪುಟದಲ್ಲಿ ಹಾಕುತ್ತೇವೆ.